ಒರತೆಯ ಏಳನೇ ಕಲ್ಲು

ಕೊಡಿಗೇಹಳ್ಳಿ
18-1-1959

ಚಿರಂಜೀವಿ ವೇಣುಗೋಪಾಲನಿಗೆ ಅಕ್ಕ ನಾರಾಯಣಮ್ಮನ ಆಶೀರ್ವಾದ.

ನಾಗಪುರದಲ್ಲಿ ನೀನು, ಕೃಷ್ಣವೇಣಿ, ಮಕ್ಕಳು ಹೇಗಿದ್ದೀರಿ ಅಂತ ಮೊದಲು ಕೇಳಬೇಕು. ಆದರೆ ಬೇರೆ ಮಾತೊಂದಿದೆ, ಅದನ್ನೇ ಮೊದಲು ಕೇಳಿಬಿಡುತ್ತೇನೆ.

ಸಂಕ್ರಾಂತಿಯ ಮಾರನೇ ದಿನ ಜೌಗಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದೆ. ಮೇಲೆ ಸರ್ವೆ ಮರದ ತೋಪಿನಲ್ಲಿ ಗಂಡಸರ ಮಾತು ಕೇಳಿಸಿತು. ಹತ್ತಿ ಹೋಗಿ ನೋಡಿದರೆ ಯಾರೋ ಮೂವರು ಮರಗಳನ್ನು ತಬ್ಬಿ ತಬ್ಬಿ ಅಳೆಯುತ್ತಿದ್ದಾರೆ. ಯಾರಪ್ಪಾ ನೀವು ಎಂದೆ. "ಯಶವಂತಪುರದ ಸೌದೆ ಡಿಪೋ ಮೆಹಬೂಬ್ ಪಾಷಾ ಕಡೆಯೋರು ಕಣಮ್ಮ. ಸುಮ್ನೆ ನೋಡ್ಕೊಂಡ್ ಓಗಾನ ಅಂತ ಬಂದ್ವಿ" ಎಂದರು. ಸುಮ್ಮನೆ ನೋಡಲು ಬಂದವರು ಹಳ್ಳದ ದಡಕ್ಕೂ ಇಳಿದು ಹೊಂಗೆ, ಅತ್ತಿ, ನೇರಳೆ ಎಲ್ಲದಕ್ಕೂ ಹಗ್ಗ ಸುತ್ತಿ ನೋಡಿದರು.

ತೋಪು ನಿನ್ನ ಪಾಲಿನದು. ಕಡಿಸಿಕೋ, ಇಟ್ಟುಕೋ, ನಾನು ಮೂಗು ತೂರಿಸುವುದಿಲ್ಲ. ಕೆಳಗಿನ ಜೌಗು ಅಪ್ಪ ನನಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟದ್ದು. ಇವೆರಡರ ನಡುವೆ ಹರಿಯುವ ಹಳ್ಳ ನಿನ್ನದೂ ಅಲ್ಲ, ನನ್ನದೂ ಅಲ್ಲ. ಅತ್ತಿಮರದ ಬುಡದ ಒರತೆಯನ್ನು ನೀನು ಮರೆತಿರಲಾರೆ. ಊರಿನ ಬಾವಿಗಳೆಲ್ಲ ಸವುಳು, ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೆ ಊರಿನ ಹೆಂಗಸರೆಲ್ಲ ಅಲ್ಲಿಗೇ ಬರಬೇಕು. ನನ್ನ ಜೌಗಿನಲ್ಲಿ ಒಂದು ಬೆಳೆ ಭತ್ತ ಆಗುವುದೂ ಅದರ ನೀರಿನಿಂದಲೇ. ಗಂಡನನ್ನು ಕಳೆದುಕೊಂಡು ಈ ಊರಿಗೆ ಮರಳಿದ ನಾನು ಯಾರ ಮುಂದೆಯೂ ಕೈಯೊಡ್ಡದಂತೆ ಮಾಡಿದ್ದು ಆ ನೀರು. ದಡದ ಮರಗಳ ನೆರಳು ಹೋಗಿ ಮಣ್ಣು ಕುಸಿದರೆ ಒರತೆಯ ಕಣ್ಣು ಮುಚ್ಚುತ್ತದೆ.

ನೀನು ಮರ ಮಾರಿದ್ದೀಯಾ ಇಲ್ಲವಾ? ಸುತ್ತಿ ಬಳಸಿ ಬರೆಯಬೇಡ.

ನಾರಾಯಣಮ್ಮ


ನಾಗಪುರ
29-1-1959

ಅಕ್ಕನಿಗೆ ವೇಣು ಮಾಡುವ ನಮಸ್ಕಾರ.

ಪತ್ರ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಯಾರೋ ತೋಪು ನೋಡಲು ಬಂದರೆಂದು ಇಷ್ಟು ಗಾಬರಿ ಏಕೆ ಎಂದು ತಿಳಿಯಲಿಲ್ಲ. ಮರ ಬಲಿತಿದೆ ಎಂದರೆ ವ್ಯಾಪಾರಿಗಳು ಬಂದು ನೋಡುತ್ತಾರೆ. ಇನ್ನೂ ಏನೂ ತೀರ್ಮಾನವಾಗಿಲ್ಲ.

ನಮ್ಮ ಆಡಿಟ್ ಆಫೀಸಿನಲ್ಲಿ ಅರಣ್ಯದ ಲೆಕ್ಕ ತನಿಖೆ ಮಾಡುವವರೊಬ್ಬರಿದ್ದಾರೆ. ಸರ್ವೆ ಮರ ಬಹಳ ನೀರು ಕುಡಿಯುತ್ತದೆ, ತೆಗೆದರೆ ಕೆಳಗಿನ ಒರತೆಗೆ ಒಳ್ಳೆಯದೇ ಆಗುತ್ತದೆ ಎಂದು ಅವರು ಹೇಳಿದರು. ಹಾಗಾಗಿ ನೀನು ಹೆದರುವ ಕಾರಣವಿಲ್ಲ.

ಒಂದು ಮಾತು ಮಾತ್ರ ನನಗೆ ಸರಿ ಕಾಣಲಿಲ್ಲ. ಹಳ್ಳ ಯಾರದೂ ಅಲ್ಲ ಎಂದು ಬರೆದಿದ್ದೀಯ. ಇದು ನಿನ್ನ ಮಾತೋ, ಪಿಳ್ಳಪ್ಪನ ಮಾತೋ? ಅಪ್ಪ ಇದ್ದಾಗಲೇ ಆ ಹಳ್ಳದ ಮೇಲೆ ಅವನು ಕಣ್ಣು ಹಾಕಿದ್ದ. ಈಗ ಊರಿನ ಯಜಮಾನ ಬೇರೆ ಆಗಿದ್ದಾನಂತೆ. ಕಾಗದಪತ್ರ ನೋಡಿ ನೋಡಿ, ಒಬ್ಬರ ಅಕ್ಷರದ ಹಿಂದೆ ಇನ್ನೊಬ್ಬರ ಕೈ ಇದ್ದರೆ ನನಗೆ ಬೇಗ ಗೊತ್ತಾಗುತ್ತದೆ.

ವೇಣು


ಕೊಡಿಗೇಹಳ್ಳಿ
12-2-1959

ವೇಣು,

ಏನೂ ತೀರ್ಮಾನವಾಗಿಲ್ಲ ಎಂಬ ನಿನ್ನ ಕಾಗದ ಬಂದ ವಾರದಲ್ಲೇ ತೋಪಿನಲ್ಲಿ ಕೊಡಲಿ ಸದ್ದು ಕೇಳಿಸಿತು. ಪಾಷಾ ತಾನೇ ಬಂದು ನಿಂತಿದ್ದ. ದೊಡ್ಡ ಮನುಷ್ಯ, ಮರ್ಯಾದೆಯಾಗಿ ಮಾತಾಡಿದ. "ಅಮ್ಮಾ, ನಿಮ್ಮ ತಮ್ಮನೋರು ಡಿಸೆಂಬರಲ್ಲೇ ಅಗ್ರಿಮೆಂಟ್ ಮಾಡ್ಕೊಟ್ಟಿದ್ದಾರೆ. ದಡದ ಮರಗಳೂ ಸೇರಿವೆ. ನಿಮಗೆ ಹೇಳಿಲ್ವಾ?" ಎಂದ. ನಾಲ್ಕು ಜನ ಆಳುಗಳ ಮುಂದೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಮರೆತಿದ್ದೆ ಕಣಪ್ಪಾ ಎಂದು ಸುಳ್ಳು ಹೇಳಿ ಬಂದೆ.

ಕಡಿದ ಮರಗಳನ್ನು ಅವರು ಹಳ್ಳದೊಳಗೇ ಎಳೆಯುತ್ತಾರಂತೆ. ಹಾಗೆ ಎಳೆದರೆ ಕೆರೆ ಏರಿಯ ಮೇಲೆ ನಿಲ್ಲುವ ಲಾರಿಗೆ ನೇರ ದಾರಿಯಂತೆ. ನಿನ್ನೆ ಎತ್ತು ಕಟ್ಟಿ ಎರಡು ಮರ ಎಳೆದು ನೋಡಿದರು. ದಡ ಕುಸಿದು ಒರತೆಯ ನೀರು ಟೀ ಬಣ್ಣಕ್ಕೆ ಬಂತು. ಪಕ್ಕದ ಮನೆ ಸೊಣ್ಣಮ್ಮ ಕೊಡ ತುಂಬಿಸಲು ಬಂದವಳು, "ಇದನ್ನ ಎಂಗ್ ಕುಡಿಯಾದೇ ನಾರಾಣಮ್ಮ" ಎಂದು ಖಾಲಿ ಕೊಡ ಹೊತ್ತು ಹೋದಳು. ದಡದ ಮರ ಕಡಿಯುವುದು ಯುಗಾದಿಗೆ ಮುಂಚೆ ಅಂತೆ.

ಪಿಳ್ಳಪ್ಪ ನನ್ನನ್ನು ಆಡಿಸುತ್ತಾನೆ ಅಂದುಕೊಂಡಿದ್ದೀಯಲ್ಲ, ನಿನ್ನನ್ನು ಎತ್ತಿ ಆಡಿಸಿದವಳು ನಾನು. ಆಗಲೂ ನೀನು ಬೆಲ್ಲ ತಿಂದು ಬಾಯಿ ಒರೆಸಿಕೊಂಡು ಇಲ್ಲ ಎನ್ನುತ್ತಿದ್ದೆ.

ನಾರಾಯಣಮ್ಮ


ನಾಗಪುರ
22-2-1959

ಶ್ರೀಮತಿ ಅಕ್ಕನವರಿಗೆ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಕರಾರು ಆಗಿರುವುದು ನಿಜ. ಹೆಬ್ಬಾಳದ ಕಡೆ ಗೃಹನಿರ್ಮಾಣ ಸಂಘದ ಸೈಟು ಸಿಗುವುದಿದೆ, ಅದಕ್ಕೆ ಹಣ ಬೇಕಾಗಿತ್ತು. ಮುಂದೆ ವರ್ಗವಾಗಿ ಬಂದರೆ ಮಕ್ಕಳ ಶಾಲೆಗೆ ಪೇಟೆ ಹತ್ತಿರವಿರಬೇಕೆಂಬುದು ಕೃಷ್ಣವೇಣಿಯ ಆಸೆ. ನಿಮಗೆ ತಿಳಿಸಿದರೆ ರಂಪ ಮಾಡುತ್ತೀರೆಂದು ತಿಳಿಸಲಿಲ್ಲ. ಈಗ ಅದೇ ಆಗಿದೆ.

ಬೇಸಿಗೆಯಲ್ಲಿ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಒಂದೆರಡು ತಿಂಗಳು ಕೆಸರಾದರೆ ಮಳೆ ಬಂದ ಮೇಲೆ ತಾನೇ ತೊಳೆದುಹೋಗುತ್ತದೆ. ತೋಪಿನ ಕಡೆಯ ದಡ ನನ್ನ ಪಾಲಿಗೆ ಸೇರಿದ್ದು, ಅದರ ಮೇಲಿನ ಮರಗಳೂ ನನ್ನವೇ. ಪಾಷಾ ಅವರ ಕೆಲಸಕ್ಕೆ ನೀವಾಗಲಿ, ನಿಮ್ಮ ಹಿಂದೆ ನಿಂತವರಾಗಲಿ ಅಡ್ಡಿ ಮಾಡಬಾರದೆಂದು ಕೋರುತ್ತೇನೆ.

ಇತಿ,
ವೇಣುಗೋಪಾಲ


ಕೊಡಿಗೇಹಳ್ಳಿ
9-3-1959

ಚಿರಂಜೀವಿ ವೇಣುವಿಗೆ ಆಶೀರ್ವಾದ.

ಅಕ್ಕನಿಗೆ 'ನೀವು' ಹಾಕಿ ಬರೆಯುವಷ್ಟು ದೊಡ್ಡವನಾದೆ, ಸಂತೋಷ. ನಾನು ಯಾವ ಅಡ್ಡಿಯನ್ನೂ ಮಾಡಿಲ್ಲ. ಆದರೆ ಇಲ್ಲೊಂದು ವಿಚಿತ್ರ ನಡೆದಿದೆ, ನಿನಗೆ ತಿಳಿಸುವುದು ನನ್ನ ಧರ್ಮ.

ಸಂತೆ ದಿನ ಪಾಷಾನ ಆಳುಗಳೆಲ್ಲ ಯಶವಂತಪುರಕ್ಕೆ ಹೋಗಿದ್ದರು. ಮಾರನೇ ಬೆಳಿಗ್ಗೆ ಅತ್ತಿಮರಕ್ಕೆ ಕೊಡಲಿ ಹಾಕಲು ಬಂದು ನೋಡಿದರೆ, ಒರತೆಯ ಪಕ್ಕದಲ್ಲಿ ಸಾಲಾಗಿ ಏಳು ಕಲ್ಲು. ಎಲ್ಲಕ್ಕೂ ಅರಿಶಿನ, ಕುಂಕುಮ, ತಲೆ ಮೇಲೊಂದೊಂದು ಕಣಗಿಲೆ ಹೂವು. ಕೆರೆಗಳ ದಂಡೆಯಲ್ಲಿ, ಹಳ್ಳಗಳ ಪಕ್ಕದಲ್ಲಿ ಇರುತ್ತಾರಲ್ಲ, ನೀರು ಕಾಯುವ ದೇವರುಗಳು, ಅದೇ ಏಳು ಜನ ಅಕ್ಕಯ್ಯಗಳು. ಆಳುಗಳು ಕೊಡಲಿ ಕೆಳಗಿಟ್ಟು ಕೈಮುಗಿದರು. ಮೇಸ್ತ್ರಿ ಬೈರಣ್ಣ, "ಅಕ್ಕಯ್ಯಗಳ ನೆರಳು ಕಡಿಯಾಕಾಯ್ತದಾ? ನನ್ ಮನೇಲಿ ಎಣ್ಮಕ್ಕಳವ್ರೆ" ಎಂದನಂತೆ. ದಡದ ಮರ ಮುಟ್ಟುವುದಿಲ್ಲ, ಅವರ ಕಾಲ ಕೆಳಗೆ ಮರ ಎಳೆಯುವುದೂ ಇಲ್ಲ ಎಂದು ಕುಳಿತುಬಿಟ್ಟರು.

ಪಾಷಾ ಬಂದು ನೋಡಿದ. ತಲೆ ಕೆರೆದುಕೊಂಡ. "ನಾನು ಏನ್ ಹೇಳ್ಲಿ ಅಮ್ಮಾ, ದೇವರ ಜಾಗದಲ್ಲಿ ಜಗಳ ನಮಗೆ ಬೇಡ" ಎಂದು ಹೇಳಿ ಹೋದ.

ಕಲ್ಲು ಯಾವಾಗಿನಿಂದ ಅಲ್ಲಿದ್ದವೋ. ಮರ ಎಳೆದಾಗ ದಡ ಕುಸಿಯಿತಲ್ಲ, ಆಗ ಮಣ್ಣೊಳಗಿಂದ ಎದ್ದಿರಬೇಕು ಎಂದು ಊರವರು ಹೇಳುತ್ತಾರೆ.

ನಾರಾಯಣಮ್ಮ


ನಾಗಪುರ
20-3-1959

ಅಕ್ಕನವರಿಗೆ,

ನಾನು ಆ ಹಳ್ಳದಲ್ಲಿ ಈಜು ಕಲಿತವನು. ಏಡಿ ಹಿಡಿಯಲು ಅತ್ತಿಮರದ ಬುಡದ ಪ್ರತಿಯೊಂದು ಬಿಲಕ್ಕೂ ಕೈ ಹಾಕಿದವನು. ಅಲ್ಲಿ ಯಾವ ಅಕ್ಕಯ್ಯನೂ ಇರಲಿಲ್ಲ. ಮಣ್ಣೊಳಗಿಂದ ಎದ್ದು ಬಂದವರು ಅರಿಶಿನ ಕುಂಕುಮ ಹಚ್ಚಿಕೊಂಡು, ಕಣಗಿಲೆ ಮುಡಿದುಕೊಂಡೇ ಬಂದರೇ? ಆಳುಗಳು ಸಂತೆಗೆ ಹೋದ ದಿನವನ್ನೇ ನೋಡಿ ಬಂದರೇ?

ನನ್ನ ಕಿವಿಯ ಮೇಲೆ ಹೂವಿಡಬೇಡಿ. ಇದು ಪಿಳ್ಳಪ್ಪನ ಕೆಲಸ. ನಾಳೆ ದೇವಸ್ಥಾನ ಎನ್ನುತ್ತಾನೆ, ನಾಡಿದ್ದು ಹಳ್ಳ ಊರಿನದೆನ್ನುತ್ತಾನೆ, ಆಮೇಲೆ ನನ್ನ ತೋಪಿನ ನೆಲಕ್ಕೆ ಬರುತ್ತಾನೆ. ನಿಮಗೆ ಇದು ಗೊತ್ತಿಲ್ಲವೆಂದರೆ ನಂಬಲಾರೆ.

ಇನ್ನೊಂದು ಪ್ರಶ್ನೆ. ಪೂಜೆ ಮಾಡುತ್ತಿರುವವರು ಯಾರು? ತೆಂಗಿನಕಾಯಿಯ ಹೋಳು ಯಾರ ಮನೆಗೆ ಹೋಗುತ್ತಿದೆ?

ವೇಣುಗೋಪಾಲ


ಕೊಡಿಗೇಹಳ್ಳಿ
3-4-1959

ವೇಣು,

ತೆಂಗಿನಕಾಯಿಗೂ ಆಡಿಟ್ ಮಾಡುವವನು ನೀನೊಬ್ಬನೇ ಇರಬೇಕು. ಹೌದು, ಶುಕ್ರವಾರದ ಪೂಜೆ ನಾನೇ ಮಾಡುತ್ತೇನೆ. ಪಕ್ಕದ ಜೌಗು ನನ್ನದು, ಇನ್ಯಾರು ಮಾಡಬೇಕು? ಹೋಳು ಬಂದವರಿಗೇ ಹಂಚುತ್ತೇನೆ. ಒಂದೆರಡು ಉಳಿದರೆ ಚಟ್ನಿಗಾಗುತ್ತದೆ.

ನೀನು ಏಡಿ ಹಿಡಿಯುವಾಗ ಅಕ್ಕಯ್ಯಗಳು ಇರಲಿಲ್ಲ ಎನ್ನುತ್ತೀಯ. ನೀನು ಕಂಡದ್ದು ಮಾತ್ರ ಇದೆಯೇ ಲೋಕದಲ್ಲಿ? ಡಿಸೆಂಬರಿನಲ್ಲಿ ಆದ ಕರಾರು ನನಗೂ ಕಂಡಿರಲಿಲ್ಲ.

ಒರತೆಯ ನೀರು ತಿಳಿಯಾಗಿದೆ. ನನಗೆ ಅಷ್ಟು ಸಾಕು.

ನಾರಾಯಣಮ್ಮ


ನಾಗಪುರ
26-4-1959

ಅಕ್ಕನಿಗೆ,

ಪಾಷಾ ಅವರು ಕಾರ್ಡು ಬರೆದಿದ್ದಾರೆ. ಹಳ್ಳದ ದಾರಿ ಬಿಟ್ಟು ಮರಗಳನ್ನು ಗಾಡಿಯಲ್ಲಿ ಮೇಲಕ್ಕೆ ಹೊಡೆಸಿ, ಬಳ್ಳಾರಿ ರಸ್ತೆಗೆ ಸುತ್ತು ಹಾಕಿ ಸಾಗಿಸುತ್ತಿದ್ದಾರಂತೆ. ನಷ್ಟ ಯಾರದೆಂದು ಆಮೇಲೆ ಮಾತಾಡೋಣ ಎಂದಿದ್ದಾರೆ.

ಕಲ್ಲುಗಳು ಹೇಗಿವೆ ಎಂದು ನಾನೇ ಅವರನ್ನು ಕೇಳಿದ್ದೆ. ನಿನಗೆ ಕೋಪ ಬರಬಹುದು, ಬರಲಿ. ಅವರು ಬರೆದಿರುವುದು ಇಷ್ಟು: ಆರು ಕಲ್ಲು ಹಳ್ಳದ ಒರಟು ಕಲ್ಲುಗಳು. ಏಳನೆಯದು ಮಾತ್ರ ಉದ್ದಗೆ, ದುಂಡಗೆ, ಕೆಳಗೆ ದಪ್ಪ, ಮೇಲಿನ ತುದಿ ಸಣ್ಣ, ಎಣ್ಣೆ ಹಚ್ಚಿದಷ್ಟು ನುಣ್ಣಗೆ ಇದೆಯಂತೆ. "ನಮ್ಮ ಮನೆ ಒರಳಿನ ಗುಂಡು ನೋಡಿದ ಹಾಗಾಯ್ತು ಸಾರ್" ಎಂದು ಅವರು ಹುಡುಗಾಟಕ್ಕೆ ಬರೆದಿದ್ದಾರೆ.

ನನಗೆ ನಗು ಬರಲಿಲ್ಲ. ಪಿಳ್ಳಪ್ಪನ ಮೇಲೆ ಇಷ್ಟು ದಿನ ಸುಮ್ಮನೆ ಅನುಮಾನ ಪಟ್ಟೆ. ಅಕ್ಕಾ, ನಮ್ಮ ಹಿತ್ತಲಿನ ಒರಳಿನ ಗುಂಡು ಎಲ್ಲಿದೆ? ಉಳಿದ ಹೋಳಿನ ಚಟ್ನಿಯನ್ನು ಯಾರ ಮನೆಯಲ್ಲಿ ರುಬ್ಬುತ್ತಿದ್ದೀಯ?

ವೇಣು


ನಾಗಪುರ
7-6-1959

ಅಕ್ಕನಿಗೆ,

ಏಪ್ರಿಲಿನಲ್ಲಿ ಬರೆದ ಪತ್ರಕ್ಕೆ ಉತ್ತರವಿಲ್ಲ. ಕೋಪವೆಂದುಕೊಂಡಿದ್ದೆ. ಕೋಪ ಬಂದರೆ ನೀನು ಎರಡು ಹಾಳೆ ಹೆಚ್ಚು ಬರೆಯುವವಳು. ಮೈ ಸರಿಯಿಲ್ಲವೆ? ಅಥವಾ ಅಲ್ಲಿ ನನಗೆ ತಿಳಿಸಬಾರದ್ದೇನಾದರೂ ನಡೆಯುತ್ತಿದೆಯೆ?

ವೇಣು


ಕೊಡಿಗೇಹಳ್ಳಿ
21-6-1959

ಚಿರಂಜೀವಿ ವೇಣುವಿಗೆ ಆಶೀರ್ವಾದ.

ಹೌದು, ನಾನೇ ಇಟ್ಟೆ. ಇನ್ನು ಬಚ್ಚಿಡುವ ಶಕ್ತಿ ನನಗಿಲ್ಲ.

ಸಂತೆ ದಿನ ಹಳ್ಳದಲ್ಲಿ ಹುಡುಕಿ ಆರು ಕಲ್ಲು ಹೊಂದಿಸಿದೆ. ಏಳನೆಯದಕ್ಕೆ ನೆಟ್ಟಗೆ ನಿಲ್ಲುವಂಥದ್ದು ಸಿಗಲಿಲ್ಲ. ಸಂಜೆಯಾಗುತ್ತಿತ್ತು, ಆಳುಗಳು ಬಂದುಬಿಡುತ್ತಾರೆ ಎಂಬ ಭಯ. ಮನೆಗೆ ಓಡಿ ಗುಂಡನ್ನು ಹುಲ್ಲಿನ ಮಂಕರಿಯಲ್ಲಿಟ್ಟು ಹೊತ್ತುಕೊಂಡು ಹೋದೆ. ಸೊಣ್ಣಮ್ಮ ಕೇಳಿದ್ದಕ್ಕೆ ಒರಳು ಬಿರುಕು ಬಿಟ್ಟಿದೆ ಎಂದೆ. ಅವತ್ತಿನಿಂದ ಅವಳ ಮನೆಯಲ್ಲೇ ರುಬ್ಬುತ್ತಿದ್ದೇನೆ. ಪಿಳ್ಳಪ್ಪನಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ನಿನ್ನ ಕೊಡಲಿ ನಿಂತರೆ ಸಾಕಾಗಿತ್ತು. ಆದರೆ ಜನ ನಿಲ್ಲಲಿಲ್ಲ ಕಣೋ. ಮೊದಲು ನಮ್ಮೂರವರು, ಆಮೇಲೆ ಶೆಟ್ಟಿಹಳ್ಳಿಯವರು, ಈಗ ಚಿಕ್ಕಬಾಣಾವರದಿಂದಲೂ ಬರುತ್ತಾರೆ. ಸೊಣ್ಣಮ್ಮನ ಮಗಳಿಗೆ ಜ್ವರ ಬಿಟ್ಟಿತು, ಅಕ್ಕಯ್ಯಗಳ ದಯೆ. ಪಿಳ್ಳಪ್ಪನ ಕಳೆದುಹೋದ ಹೋರಿ ಸಿಕ್ಕಿತು, ಅದೂ ಅವರದೇ ದಯೆ. ನನಗೂ ಮೊದಮೊದಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಗಂಡ ಸತ್ತವಳು ಎಂದು ಮದುವೆ ಮನೆಯಲ್ಲಿ ಹಿಂದೆ ಕೂರಿಸುತ್ತಿದ್ದವರು ಈಗ ನನ್ನ ಕೈಯಿಂದ ತೀರ್ಥ ತೆಗೆದುಕೊಳ್ಳುತ್ತಾರೆ.

ಈಗ ಪಿಳ್ಳಪ್ಪ ಮಂಟಪ ಕಟ್ಟಿಸುತ್ತಾನಂತೆ. ಸಿಮೆಂಟು ಮಂಟಪ. ಬೇರು ಪಾಯಕ್ಕೆ ತೊಂದರೆ ಎಂದು ಅತ್ತಿ, ಹೊಂಗೆ ಎಲ್ಲ ತೆಗೆಯುತ್ತಾರೆ. ಜನ ನಿಲ್ಲುವುದಕ್ಕೆ ಜೌಗಿಗೆ ಮಣ್ಣು ತುಂಬಿಸುತ್ತಾರೆ. ಜಾಗ ನನ್ನದು ಎಂದರೆ, ಪೂಜೆ ಮಾಡುವವಳೇ ದೇವರಿಗೆ ಜಾಗವಿಲ್ಲ ಎನ್ನುವುದಾ ಎನ್ನುತ್ತಾರೆ. ಒರತೆಯ ಸುತ್ತ ಕಲ್ಲು ಕಟ್ಟಿ ಚೌಕ ಮಾಡುತ್ತಾರೆ. ಸಿಮೆಂಟು ಮೂಟೆಗಳು ಬಂದು ಅವನ ಕೊಟ್ಟಿಗೆಯಲ್ಲಿ ಕೂತಿವೆ. ಶ್ರಾವಣದಲ್ಲಿ ಕೆಲಸ ಶುರು. ಪಾಷಾ ಮರ ಎಳೆದಿದ್ದರೆ ಹಳ್ಳ ಒಂದೆರಡು ವರ್ಷ ಕೆಡುತ್ತಿತ್ತು. ಇವರು ಕಟ್ಟಿದರೆ ಒರತೆ ಇನ್ನು ಏಳುವುದಿಲ್ಲ. ಅದನ್ನು ಮುಚ್ಚಿದವಳು ನಾನೇ ಆಗುತ್ತೇನೆ.

ಪಿಳ್ಳಪ್ಪನ ಹತ್ತಿರ ಹೋಗಿ ಸತ್ಯ ಹೇಳಿಬಿಟ್ಟೆ. ಅಣ್ಣಾ, ಆ ಕಲ್ಲು ಇಟ್ಟವಳು ನಾನೇ ಎಂದೆ. ಅವನು ನಕ್ಕ. "ನಿನ್ ಕೈಲಿ ಅವ್ರೇ ಇಡಿಸ್ಕೊಂಡವ್ರೆ ಬುಡಮ್ಮ" ಎಂದ.

ಹಳ್ಳದಲ್ಲಿ ದೇವರಿರಲಿಲ್ಲ ಎಂದು ಮೊದಲಿನಿಂದಲೂ ಹೇಳಿದವನು ನೀನೊಬ್ಬನೇ. ಅದನ್ನೇ ಊರಿಗೆ ಬರೆ.

ನಾರಾಯಣಮ್ಮ


ನಾಗಪುರ
1-7-1959

ಅಕ್ಕನಿಗೆ ನಮಸ್ಕಾರ.

ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ, ಇದೂ ಏನಾದರೂ ಹೊಸ ಹೂಟವಿರಬಹುದೇ, ಪಿಳ್ಳಪ್ಪನಿಗೆ ನಾನು ಬರೆದುಕೊಡುವ ಕಾಗದವನ್ನು ನಾಳೆ ನನ್ನ ಮೇಲೆಯೇ ತಿರುಗಿಸುತ್ತಾರೆಯೇ ಎಂದು ಯೋಚಿಸಿದೆ. ಮೂರನೇ ಸಲ ಓದುವಾಗ ಮದುವೆ ಮನೆಯ ಮಾತು ಕಣ್ಣಿಗೆ ಬಿತ್ತು. ಅದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ಪಿಳ್ಳಪ್ಪನ ಹೆಸರಿಗೆ ಬೇರೆ ಕಾಗದ ಇಟ್ಟಿದ್ದೇನೆ. ಆ ಜಾಗದಲ್ಲಿ ನಾನು ಬಲ್ಲಂತೆ ಯಾವ ದೇವರೂ ಇರಲಿಲ್ಲ, ಕಟ್ಟಡಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ಎಲ್ಲರ ಮುಂದೆ ಓದಿಸು.

ವೇಣು


ಕೊಡಿಗೇಹಳ್ಳಿ
14-7-1959

ವೇಣು,

ಅರಳಿಕಟ್ಟೆಯಲ್ಲಿ ಓದಿಸಿದೆ. ಪಿಳ್ಳಪ್ಪ ಹೇಳಿದ್ದು ಇದು: "ಮರ ಕಡ್ಸಾಕ್ ಓಗಿ ಕೈ ಸುಟ್ಕೊಂಡೋನು, ದೇವ್ರಿಲ್ಲ ಅನ್ದೆ ಇನ್ನೇನ್ ಅಂದಾನು?" ಅಷ್ಟೇ. ಕಾಗದ ಮಡಿಸಿ ನನ್ನ ಕೈಗೆ ಕೊಟ್ಟ.

ಅವರನ್ನು ಬೈಯುವುದಕ್ಕೂ ಆಗುವುದಿಲ್ಲ. ನಾನು ಹೇಳಿದರೆ ಭಕ್ತಿ ಹೆಚ್ಚಾಗುತ್ತದೆ, ನೀನು ಹೇಳಿದರೆ ಅನುಮಾನ ಹೆಚ್ಚಾಗುತ್ತದೆ. ನಿನ್ನೆ ಜೌಗಿನಂಚಿಗೆ ಎರಡು ಗಾಡಿ ಮಣ್ಣು ಬಂದು ಬಿದ್ದಿದೆ. ನೀರುಕೋಳಿ ಮೊಟ್ಟೆಯಿಟ್ಟಿದ್ದ ಜೊಂಡು ಅದರಡಿಗೆ ಹೋಯಿತು. ನೋಡಿ ಮನೆಗೆ ಬಂದು ಅತ್ತೆ.

ನಾರಾಯಣಮ್ಮ


ನಾಗಪುರ
24-7-1959

ಅಕ್ಕನಿಗೆ,

ಇದನ್ನು ಯಾರಿಗೂ ಓದಿಸಬೇಡ.

ದೇವರಿಲ್ಲ ಎಂದು ನಾವು ಹೇಳಿದ್ದೇ ತಪ್ಪಾಯಿತು. ನಿನಗೆ ನೆನಪಿದೆಯೋ ಇಲ್ಲವೋ, ಅಕ್ಕಯ್ಯಗಳ ವಿಷಯ ಅಜ್ಜಿ ಒಂದು ಮಾತು ಹೇಳುತ್ತಿದ್ದಳು. ಅವರಿಗೆ ಸೂರು ಆಗದು. ತಲೆಯ ಮೇಲೆ ಮರದ ನೆರಳಿರಬೇಕು, ಕಾಲಿಗೆ ಹರಿಯುವ ನೀರು ತಾಗಬೇಕು. ಗೋಡೆ ಕಟ್ಟಿ ಚಾವಣಿ ಹಾಕಿದರೆ ಏಳೂ ಜನ ಎದ್ದು ಹೊರಟುಬಿಡುತ್ತಾರೆ, ಹೋಗುವಾಗ ನೀರನ್ನೂ ಕರೆದುಕೊಂಡು ಹೋಗುತ್ತಾರೆ.

ಇದನ್ನು ಕಟ್ಟೆಯಲ್ಲಿ ಹೇಳಬೇಡ, ಪಿಳ್ಳಪ್ಪನಿಗಂತೂ ಹೇಳಲೇಬೇಡ. ನೀರು ತುಂಬುವಾಗ ಸೊಣ್ಣಮ್ಮನ ಕಿವಿಗೆ ಹಾಕು. ಏನೋ ನೆನಪಾಯಿತು ಎನ್ನುವ ಹಾಗೆ ಹೇಳಿ, ನಿನ್ನ ಪಾಡಿಗೆ ನೀನು ಕೊಡ ಎತ್ತಿಕೊಂಡು ಬಾ.

ಪಾಷಾ ಅವರಿಗೂ ಬರೆದಿದ್ದೇನೆ. ಸರ್ವೆ ಬೊಡ್ಡೆಗಳನ್ನು ಸೌದೆಗೆಂದು ಅಗೆಯುವುದು ಅವರ ವ್ಯಾಪಾರದ ರೂಢಿ. ಹಳ್ಳದ ಕಡೆಯ ಸಾಲುಗಳ ಬೊಡ್ಡೆ ಅಗೆಯದೆ ಮಣ್ಣಿನಲ್ಲೇ ಬಿಡಲಿ, ಬೇರು ದಡವನ್ನು ಹಿಡಿದುಕೊಂಡಿರಲಿ ಎಂದಿದ್ದೇನೆ. ದಡದ ಮರಗಳನ್ನು ಕರಾರಿನಿಂದ ತೆಗೆದಿದ್ದೇನೆ. ಇದರ ಹಿಂದೆ ಏನು ಮಸಲತ್ತಿದೆ ಎಂದು ನೀನು ಯೋಚಿಸುವುದು ನನಗೆ ಗೊತ್ತು. ಯೋಚಿಸಿಕೋ.

ವೇಣು


ಕೊಡಿಗೇಹಳ್ಳಿ
13-8-1959

ಚಿರಂಜೀವಿ ವೇಣುವಿಗೆ ಆಶೀರ್ವಾದ.

ಯೋಚಿಸಿದೆ. ಸೈಟು ಕೈತಪ್ಪಿತೋ, ಕೃಷ್ಣವೇಣಿ ಜಗಳವಾಡಿದಳೋ, ಇಲ್ಲ ಜೌಗನ್ನೂ ನನ್ನಿಂದ ಬರೆಸಿಕೊಳ್ಳುವ ಉಪಾಯವೋ ಎಂದೆಲ್ಲ ಯೋಚಿಸಿದೆ. ಯಾವುದೂ ಹೊಂದಲಿಲ್ಲ. ನನ್ನ ತಮ್ಮ ಒಳ್ಳೆಯವನಿರಬಹುದು ಎಂಬುದು ಕೊನೆಗೆ ಹೊಳೆಯಿತು.

ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಬೆಳಿಗ್ಗೆ ಸೊಣ್ಣಮ್ಮನಿಗೆ ಹೇಳಿದೆ. ಅವಳು ಕೊಡ ಇಳಿಸಿ, "ಊಂ ಕಣೇ, ನಮ್ಮತ್ತೇನೂ ಅಂಗೇ ಅಂತಿತ್ತು" ಎಂದಳು. ನಾನು ಬೇಗ ಕೊಡ ಎತ್ತಿಕೊಂಡು ಬಂದೆ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತು. ಎರಡು ದಿನ ಬಿಟ್ಟು ಪಿಳ್ಳಪ್ಪನೇ ನನ್ನ ಬಾಗಿಲಿಗೆ ಬಂದ. "ಏನಮ್ಮಾ, ಪೂಜೆ ಮಾಡೋಳು ನೀನು, ನಿಂಗಿಷ್ಟೂ ಗೊತ್ತಿಲ್ವಾ? ಅಕ್ಕಯ್ಯಗಳ್ಗೆ ಸೂರು ಆಗಕಿಲ್ಲ. ನಮ್ಮವ್ವ ಯಾವಾಗ್ಲೂ ಏಳೋಳು. ದೊಡ್ಡ ತೆಪ್ಪು ಮಾಡಿಬುಡ್ತಿದ್ವಿ" ಎಂದು ನನ್ನನ್ನೇ ಗದರಿದ. ನಾನು ತಲೆ ತಗ್ಗಿಸಿ ತಪ್ಪಾಯಿತಣ್ಣಾ ಎಂದೆ.

ಸಿಮೆಂಟು ಸ್ಕೂಲಿನ ನೆಲಕ್ಕೆ ಹೋಯಿತು. ಜೌಗಿಗೆ ಹಾಕಿದ ಮಣ್ಣನ್ನು ಅವನ ಆಳುಗಳೇ ಎತ್ತಿದರು. ದಡದಿಂದ ಒಂದು ಕಡ್ಡಿ ಮುರಿದರೂ ಈಗ ಊರವರು ಹಿಡಿದು ಕೇಳುತ್ತಾರೆ.

ಈಗ ನನಗೆ ಒಂದು ಗೊತ್ತಾಗಬೇಕು. ನಾನು ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಅವಳು ಈ ಮಾತು ಹೇಳಿದ್ದನ್ನು ನಾನಂತೂ ಕೇಳಿಲ್ಲ. ನಿಜ ಹೇಳು, ಅಜ್ಜಿ ಹೀಗೆ ಹೇಳಿದ್ದಳಾ?

ನಾರಾಯಣಮ್ಮ


ನಾಗಪುರ
22-8-1959

ಅಕ್ಕನಿಗೆ,

ಆಡಿಟ್‌ನವನು ಯಾವುದನ್ನೂ ಬರವಣಿಗೆಯಲ್ಲಿ ಒಪ್ಪಿಕೊಳ್ಳುವುದಿಲ್ಲ. ನವೆಂಬರ್ ಕೊನೆಗೆ ರಜ ಸಿಕ್ಕಿದೆ, ಬಂದಾಗ ಕೇಳು. ಅಲ್ಲಿಯವರೆಗೆ ಅನುಮಾನ ಪಡುತ್ತಿರು, ನಮ್ಮಿಬ್ಬರಿಗೂ ಅಭ್ಯಾಸವಾಗಿದೆ.

ಗುಂಡನ್ನು ಮಾತ್ರ ಉಪಾಯವಾಗಿ ಹಿಂದಕ್ಕೆ ತಂದುಕೋ. ಎಷ್ಟು ದಿನ ಸೊಣ್ಣಮ್ಮನ ಮನೆಯಲ್ಲಿ ರುಬ್ಬುತ್ತೀಯ?

ವೇಣು


ಕೊಡಿಗೇಹಳ್ಳಿ
8-11-1959

ಚಿರಂಜೀವಿ ವೇಣುವಿಗೆ ಆಶೀರ್ವಾದ.

ದೀಪಾವಳಿ ಆಯಿತು. ಮಳೆ ಚೆನ್ನಾಗಿ ಬಂದು ಕೆರೆ ಕೋಡಿಯ ಹತ್ತಿರ ಬಂದಿದೆ. ತೋಪಿನ ಇಳಿಜಾರಿನಲ್ಲಿ ಬೊಡ್ಡೆ ಅಗೆದ ಕಡೆಯೆಲ್ಲ ಮಣ್ಣು ಕೊಚ್ಚಿಕೊಂಡು ಬಂತು. ಪಾಷಾ ನಿನ್ನ ಮಾತಿಗೆ ಬಿಟ್ಟ ಸಾಲುಗಳ ಹತ್ತಿರ ಬಂದು ನಿಂತಿತು, ಹಳ್ಳಕ್ಕೆ ಇಳಿಯಲಿಲ್ಲ. ಒರತೆಯ ತಳದ ಮರಳು ಕಾಣುವಷ್ಟು ನೀರು ತಿಳಿಯಾಗಿದೆ.

ಗುಂಡು ತರಲು ಹೋಗಿದ್ದೆ. ಮಳೆ ಜಿನುಗುತ್ತಿತ್ತು, ಯಾರೂ ಇರುವುದಿಲ್ಲ ಎಂದುಕೊಂಡು ಅದರ ಜಾಗಕ್ಕೆ ಬೇರೆ ಕಲ್ಲನ್ನು ಮಂಕರಿಯಲ್ಲಿ ಇಟ್ಟುಕೊಂಡು ಹೋದೆ. ಶೆಟ್ಟಿಹಳ್ಳಿಯ ಮುನಿಕೃಷ್ಣಮ್ಮ ಅಂತ ಒಬ್ಬಳು ಅಲ್ಲಿ ಕೂತಿದ್ದಳು. ಚಿಕ್ಕ ವಯಸ್ಸು. ಎರಡು ಮಕ್ಕಳು ಹುಟ್ಟಿದ ಕೂಡಲೇ ಹೋದವಂತೆ, ಈಗ ಮತ್ತೆ ಬಸುರಿ. ಆರು ಕಲ್ಲಿಗೂ ಹೂವಿಟ್ಟು, ಏಳನೆಯದನ್ನು ಎರಡು ಕೈಯಲ್ಲಿ ಹಿಡಿದು ಅದರ ತುದಿಗೆ ಹಣೆ ಆನಿಸಿ ಅಳುತ್ತಿದ್ದಳು. ನಾನು ಮಂಕರಿ ಇಳಿಸಿ ಕಾದೆ. ಎದ್ದ ಮೇಲೆ, ಏನಮ್ಮಾ, ಇದೊಂದೇ ಕಲ್ಲು ಯಾಕೆ ಎಂದು ಕೇಳಿದೆ. ನನ್ನ ಗುಟ್ಟು ಅವಳಿಗೆ ಗೊತ್ತಾಗಿದೆಯೇನೋ ಎಂಬ ಅನುಮಾನ ನನಗೆ.

"ಮಿಕ್ಕಿದ್ದೆಲ್ಲ ಒರಟು ಕಣಮ್ಮ. ಇದು ಇಡ್ಕಂಡ್ರೆ ಅವ್ವನ್ ಕೈ ಇಡ್ಕಂಡಂಗೆ ಇರ್ತದೆ" ಎಂದಳು.

ಅಜ್ಜಿ, ಆಮೇಲೆ ಅಮ್ಮ, ಆಮೇಲೆ ನಾನು, ಮೂವರೂ ದಿನಾ ಹಿಡಿದು ತಿರುಗಿಸಿ ತಿರುಗಿಸಿ ಅದರ ತುದಿ ಹಾಗೆ ನುಣ್ಣಗಾಗಿದೆ ವೇಣು. ಅವಳು ಹೇಳಿದ್ದು ಸುಳ್ಳಲ್ಲ. ಎಂಟು ತಿಂಗಳಿಂದ ಶುಕ್ರವಾರ ತಪ್ಪದೆ ಪೂಜೆ ಮಾಡಿದವಳು ನಾನು, ಅವತ್ತು ಮೊದಲ ಸಲ ಆ ಕಲ್ಲಿಗೆ ಮನಸ್ಸಿಟ್ಟು ಕೈಮುಗಿದೆ. ತಂದಿದ್ದ ಕಲ್ಲನ್ನು ಹಳ್ಳಕ್ಕೆ ಹಾಕಿ ಬರಿಯ ಮಂಕರಿ ಹೊತ್ತುಕೊಂಡು ಬಂದೆ.

ಅಜ್ಜಿ ಆ ಮಾತು ಹೇಳಿದ್ದಳೋ ಇಲ್ಲವೋ, ಇನ್ನು ನಾನು ನಿನ್ನನ್ನು ಕೇಳುವುದಿಲ್ಲ. ನೀನೂ ಹೇಳಬೇಡ.

ಬರುವಾಗ ಕಲ್ಲುಕುಟಿಗರ ಹತ್ತಿರ ನಮ್ಮ ಒರಳಿಗೆ ಹೊಂದುವ ಗುಂಡು ಒಂದನ್ನು ಮಾಡಿಸಿಕೊಂಡು ಬಾ. ಅದರ ತುದಿಯನ್ನು ನುಣ್ಣಗೆ ಮಾಡಿಸಬೇಡ. ಅದನ್ನು ನಾನು ರುಬ್ಬುತ್ತಾ ರುಬ್ಬುತ್ತಾ ಮಾಡಿಕೊಳ್ಳುತ್ತೇನೆ.

ನಾರಾಯಣಮ್ಮ